ಗೋಡೆಯೊಳಗೆ ಗಾಳಿಯಿಲ್ಲ

ಸೋಮವಾರ, ಮಧ್ಯಾಹ್ನದ ಊಟದ ಹೊತ್ತು
ಜ್ವರದ ವಾರ್ಡಿನ ಬಟ್ಟೆ ಕೋಣೆಯಿಂದ

ದಿನಾ ಸಂಜೆ ಸರ್ಕಾರದ ವಕ್ತಾರರಾಗಿ ಟಿ.ವಿ.ಯಲ್ಲಿ ಕಾಣಿಸಿಕೊಂಡು ಮನೆಯಲ್ಲಿ ಮಾತ್ರ ಕಾಣಿಸದ ನನ್ನ ಯಜಮಾನರಿಗೆ, ನಮಸ್ಕಾರ.

ನಿಮ್ಮ ಕಚೇರಿಯಿಂದ ಬಂದ ಕ್ಷಮಾಪಣೆಯ ಕರಡು ತಲುಪಿತು. ಟೈಪು ಅಚ್ಚುಕಟ್ಟಾಗಿದೆ. ಕ್ಷಣಿಕ ಭಾವೋದ್ವೇಗದಲ್ಲಿ ಆಡಿದ ಮಾತಿಗೆ ವಿಷಾದಿಸುತ್ತೇನೆ ಎಂಬ ಸಾಲು ನಿಮ್ಮದೇ ಇರಬೇಕು. ಜಗಳವಾದಾಗಲೆಲ್ಲ ಭಾವೋದ್ವೇಗ ನನ್ನದು, ವಿಚಾರ ನಿಮ್ಮದು. ಮದುವೆಯಾದ ವರ್ಷದಿಂದ ನಮ್ಮ ಮನೆಯಲ್ಲಿ ಇದೇ ಪಾಲು. ನನ್ನ ಸಹಿಗೆಂದು ಬಿಟ್ಟ ಜಾಗ ಖಾಲಿ ಇದೆ, ಖಾಲಿಯೇ ಇರುತ್ತದೆ. ಹಿಂಬದಿಯೂ ಖಾಲಿ ಇತ್ತು. ಕಾಗದ ಯಾಕೆ ಹಾಳು ಮಾಡಬೇಕೆಂದು ಅದರ ಮೇಲೇ ಈ ಪತ್ರ ಬರೆಯುತ್ತಿದ್ದೇನೆ.

ಈ ಆಸ್ಪತ್ರೆಯಲ್ಲಿ ಮುಖದ ಮಾಸ್ಕ್ ತೆಗೆದು ಉಸಿರಾಡಬಹುದಾದ ಜಾಗ ಈ ಬಟ್ಟೆ ಕೋಣೆಯೊಂದೇ. ಒಗೆದು ಮಡಿಸಿದ ಚಾದರಗಳ ಗಂಟಿನ ಮೇಲೆ ಕಾಲು ಚಾಚಿ ಕೂತಿದ್ದೇನೆ. ವಾರ್ಡಿನ ಮುಖ್ಯ ಡಾಕ್ಟರು ಹೀಗೆಲ್ಲ ಕೂರಬಾರದು ಎಂದು ನಮ್ಮ ಹಿರಿಯ ನರ್ಸ್ ದೊಡ್ಡಕ್ಕ ಈಗಷ್ಟೇ ಬೈದು, ಒಂದು ಲೋಟ ಚಹಾ ಇಟ್ಟು ಹೋದರು. ಮುಖ್ಯ ಡಾಕ್ಟರ ಕುರ್ಚಿ ಇನ್ನೆಷ್ಟು ದಿನವೋ, ಅಭ್ಯಾಸವಾಗಲಿ ಬಿಡಿ ಎಂದೆ.

ಮೊದಲು ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಜ್ವರ ತಡೆಯಲು ಗಡಿ ಮುಚ್ಚಿ ಓಡಾಟ ನಿಷೇಧಿಸಿದ್ದು ತಪ್ಪೆಂದು ನಾನು ಎಲ್ಲಿಯೂ ಹೇಳಿಲ್ಲ. ಟಿ.ವಿ.ಯವರು ನನ್ನನ್ನು ‘ನಿಷೇಧ ವಿರೋಧಿ ಡಾಕ್ಟರು’ ಮಾಡಿದರು. ಚರ್ಚೆಯಲ್ಲಿ ನಿಮ್ಮ ಪಕ್ಕದಲ್ಲಿ ಕೂರುವ ಆ ಕೆಂಪು ಟೈ ಮಹಾಶಯ ದೇಶದ್ರೋಹಿಯನ್ನೂ ಮಾಡಿದ. ನಾನು ಕೇಳಿದ್ದು ಇಷ್ಟೇ. ಬಾಗಿಲು ಹಾಕಿಕೊಂಡಿರಿ, ಸರಿ. ಹಾಕಿಕೊಂಡು ಒಳಗೆ ಏನು ಮಾಡಿದಿರಿ? ಬಾಗಿಲು ಹಾಕುವುದು ಸಮಯ ಸಂಪಾದಿಸುವುದಕ್ಕೆ. ಆ ಸಮಯವನ್ನು ನೀವು ಬಾಗಿಲ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತ ಕಳೆದಿರಿ. ಈಗ ರೋಗ ಒಳಗೇ ಇದೆ, ನಮ್ಮ ಬೀದಿಗಳಲ್ಲಿದೆ. ನೀವು ಮಾತ್ರ ಊರು ಕೊಳ್ಳೆ ಹೋದ ಮೇಲೂ ಕೋಟೆ ಬಾಗಿಲಿಗೆ ಇನ್ನೊಂದು ಅಗುಳಿ ಹಾಕಿಸುತ್ತಿದ್ದೀರಿ.

ನಿಮ್ಮಮ್ಮ ಒಂದು ಚರ್ಚೆಯನ್ನೂ ಬಿಡದೆ ನೋಡುತ್ತಾರೆ. ಮಗ ಬಿಟ್ಟುಹೋದ ಸೊಸೆಯ ಮನೆಯಲ್ಲೇ ಇರುತ್ತೇನೆಂದು ಹಟ ಹಿಡಿದು ಕೂತವರು, ಮಗ ತೆರೆಯ ಮೇಲೆ ಬಂದ ಕೂಡಲೇ ಸದ್ದು ಜೋರು ಮಾಡುತ್ತಾರೆ. ಆಸ್ಪತ್ರೆಗಳು ಸರ್ವಸನ್ನದ್ಧ ಎಂದು ನೀವು ಮೊನ್ನೆ ಹೇಳಿದಾಗ ಅತ್ತೆ ಒಂದು ಮಾತಂದರು. ನಿಮಗೆ ತಿಳಿಸದಿದ್ದರೆ ನನಗೆ ಊಟ ಮೈಗೆ ಹತ್ತುವುದಿಲ್ಲ.

“ಚಿಕ್ಕವನಿದ್ದಾಗಲೂ ಇವನು ಹಿಂಗೇನೇ ಕಣೆ. ಲೆಕ್ಕ ಮಾಡ್ತಿರಲಿಲ್ಲ, ಪುಸ್ತಕಕ್ಕೆ ಮಾತ್ರ ಚೆಂದವಾಗಿ ರಟ್ಟು ಹಾಕ್ಕೊಂಡು ಹೋಗ್ತಿದ್ದ.”

ಇನ್ನು ನೀವು ಕ್ಯಾಮೆರಾಗಳ ಸಮೇತ ಬಂದ ಪರಿಶೀಲನೆಯ ದಿನದ ವಿಷಯ. ‘ನಾಳೆ ಪರಿಶೀಲನೆ’ ಎಂಬ ಎರಡು ಶಬ್ದ ಬಂದರೆ ಆಸ್ಪತ್ರೆಯಲ್ಲಿ ಏನೇನು ನಡೆಯುತ್ತದೆ ಎಂಬುದು ನಿಮಗೆ ಗೊತ್ತಿಲ್ಲದ್ದೇನೂ ಅಲ್ಲ. ಗೋಡೆಗೆ ಬಣ್ಣ ಬಂತು. ಹೂಕುಂಡಗಳು ಪಕ್ಕದ ಕೋರ್ಟಿನಿಂದ ಎರವಲು ಬಂದವು. ಹೆಚ್ಚು ನರಳುವ ರೋಗಿಗಳನ್ನು ಹಿಂದಿನ ವಾರ್ಡಿಗೆ ಸಾಗಿಸಿ, ಮೆತ್ತಗೆ ಕೆಮ್ಮುವವರನ್ನು ಮುಂದಕ್ಕೆ ತಂದು ಮಲಗಿಸಿದರು. ಮಂಚಗಳು ಲಾರಿಯಲ್ಲಿ ಬಂದವು, ಕಾಲಿಗೆ ಇನ್ನೊಂದು ಆಸ್ಪತ್ರೆಯ ಹೆಸರು ಬರೆದದ್ದು ಹಾಗೇ ಇತ್ತು. ನಿಮ್ಮ ಕ್ಯಾಮೆರಾ ಹೋದ ಮೇಲೆ ಅದೇ ಲಾರಿಯಲ್ಲಿ ಮುಂದಿನ ಊರಿಗೆ ಹೋದವು. ಇಡೀ ರಾಜ್ಯದ ಸನ್ನದ್ಧತೆ ಒಂದೇ ಲಾರಿಯಲ್ಲಿ ತಿರುಗಾಡುತ್ತಿದೆ. ಚಾಲಕನಿಗೆ ಜ್ವರ ಬರದಿದ್ದರೆ ಸಾಕು.

ಇದಕ್ಕೆಲ್ಲ ನಾನು ಸುಮ್ಮನಿದ್ದೆ. ಬಣ್ಣ ಹಚ್ಚಿದರೆ ಯಾರೂ ಸಾಯುವುದಿಲ್ಲ. ನನಗೆ ತಡೆದುಕೊಳ್ಳಲಾಗದೆ ಹೋದದ್ದು ಗೋಡೆಯ ಮೇಲಿನ ಆ ಹಿತ್ತಾಳೆಯ ಬಾಯಿಗಳು. ಪ್ರತಿ ಮಂಚದ ತಲೆಯ ಹತ್ತಿರ ಒಂದೊಂದು, ಫಳಫಳ ಹೊಳೆಯುತ್ತ, ಮೇಲೆ ಆಕ್ಸಿಜನ್ ಎಂದು ಬರೆದುಕೊಂಡು. ಗೋಡೆಯ ಹಿಂದೆ ಕೊಳವೆ ನಾಲ್ಕು ಅಡಿ ಹೋಗಿ ನಿಂತಿದೆ. ಹಿತ್ತಲಿನಲ್ಲಿ ಆಕ್ಸಿಜನ್ ಟ್ಯಾಂಕ್ ಕೂರಿಸಲು ಕಟ್ಟಿದ ಕಟ್ಟೆಯ ಮೇಲೆ ವಾರ್ಡಿನ ಹುಡುಗಿಯರು ತಲೆಗೂದಲು ಒಣಗಿಸಿಕೊಳ್ಳುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಒಬ್ಬ ರೋಗಿಯ ತಮ್ಮ, ಅಣ್ಣನಿಗೆ ಉಸಿರು ಸಿಗದೇ ಇದ್ದಾಗ, ಸಿಲಿಂಡರಿಗಾಗಿ ಓಡಾಡುವುದನ್ನು ಬಿಟ್ಟು ಆ ಗೋಡೆಯ ಬಾಯಿಗೇ ರಬ್ಬರ್ ನಳಿಗೆ ಸಿಕ್ಕಿಸಿ ಕೂತಿದ್ದ. ಬರೆದಿದೆಯಲ್ಲ, ಓದಿದ, ನಂಬಿದ. ನಾವು ನೋಡುವ ಹೊತ್ತಿಗೆ ಅಣ್ಣ ಇರಲಿಲ್ಲ. ಇದನ್ನು ನಿಮಗೆ ಎರಡು ಸಲ ಬರೆದು ತಿಳಿಸಿದ್ದೆ. ಉತ್ತರವಾಗಿ ಬಂದದ್ದು ಆ ಎರವಲು ಹೂಕುಂಡ.

ಹಾಗಾಗಿ ಆ ದಿನ ಕ್ಯಾಮೆರಾಗಳ ನಡುವೆ ನಿಂತು, ವಾರ್ಡಿನ ಮುಖ್ಯಸ್ಥರೂ ಎರಡು ಮಾತು ಹೇಳಲಿ ಎಂದು ನೀವು ನನ್ನ ಕಡೆ ತಿರುಗಿದಾಗ ನಾನು ಭಾಷಣ ಮಾಡಲಿಲ್ಲ, ಕೂಗಾಡಲಿಲ್ಲ. ಹಿಂಗೈ ಒದ್ದೆ ಮಾಡಿಕೊಂಡು ಈ ಗೋಡೆಯ ಬಾಯಿಗೆ ಹಿಡಿದು ನೋಡಿ ಎಂದೆ, ಅಷ್ಟೇ. ಹೊಸ ರೋಗಿಯನ್ನು ಮಲಗಿಸುವ ಮುಂಚೆ ಕೈಯ ಹಿಂಬದಿ ತೇವ ಮಾಡಿ ಕೊಳವೆಯ ಬಾಯಿಗೆ ಹಿಡಿಯಬೇಕು, ತಣ್ಣಗಾದರೆ ಗಾಳಿ ಬರುತ್ತಿದೆ, ಮೀಟರ್ ಸುಳ್ಳು ಹೇಳಿದರೂ ಚರ್ಮ ಹೇಳುವುದಿಲ್ಲ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಇದನ್ನು ನನಗೆ ಕಲಿಸಿದವರು ಆಗ ನನ್ನ ಹಿರಿಯ ಡಾಕ್ಟರಾಗಿದ್ದ ನೀವು. ನನ್ನ ಕೈಯನ್ನು ನಿಮ್ಮ ಕೈಯಲ್ಲಿ ಹಿಡಿದೇ ಕಲಿಸಿದಿರಿ, ಅಷ್ಟು ಹೊತ್ತು ಹಿಡಿಯುವ ಅಗತ್ಯ ಇರಲಿಲ್ಲ ಎಂಬುದು ಆಗಲೇ ನನಗೆ ಗೊತ್ತಿತ್ತು.

ನೀವು ಆ ದಿನ ಕೈಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ವರದಿಗಾರ್ತಿ ಮುಂದೆ ಬಂದು ತನ್ನ ಒದ್ದೆ ಕೈಯನ್ನು ಗೋಡೆಯ ಬಾಯಿಗೆ ಹಿಡಿದಳು, ಏನೂ ಇಲ್ಲ ಅಂದಳು, ಅದು ನೇರ ಪ್ರಸಾರವಾಯಿತು. ನಾನು ನೋಡಿದ್ದು ನಿಮ್ಮ ಜೇಬನ್ನು. ನನಗೆ ಸಿಟ್ಟು ಬಂದದ್ದು ನಿಮ್ಮ ಆರೋಗ್ಯ ಮಂತ್ರಿಯ ಮೇಲಲ್ಲ, ಟಿ.ವಿ.ಯ ಮೇಲಲ್ಲ. ಆ ಕೈಯ ಮೇಲೆ.

ಅಂದು ಸಂಜೆಯಿಂದ ಒಂದೇ ಹಾಡು. ಇವಳ ಮಗಳು ಗಡಿಯಾಚೆ ಸಿಕ್ಕಿಕೊಂಡಿದ್ದಾಳೆ, ಅದಕ್ಕೇ ಇವಳಿಗೆ ನಿಷೇಧ ಕಂಡರಾಗದು ಎಂದು. ಮಗಳು ನನ್ನೊಬ್ಬಳದೇ ಅನ್ನುವ ಹಾಗೆ. ಸೇತುವೆ ಕಟ್ಟಲು ಹೋದ ಎಂಜಿನಿಯರ್ ಹುಡುಗಿ, ಕೆಲಸ ಅರ್ಧಕ್ಕೇ ನಿಂತು, ಕೂಲಿಯವರ ಜೊತೆ ತಗಡಿನ ಶೆಡ್ಡಿನಲ್ಲಿದ್ದಳು. ಆಗ ನೀವು ಒಂದು ದಿನವಾದರೂ ಚರ್ಚೆಯಲ್ಲಿ ನನಗೂ ಒಬ್ಬಳು ಮಗಳಿದ್ದಾಳೆ, ಅವಳೂ ಆಚೆಗಿದ್ದಾಳೆ ಎಂದು ಹೇಳಿದ್ದರೆ ನಾನು ಎದ್ದು ನಿಂತು ಕೈ ಮುಗಿಯುತ್ತಿದ್ದೆ. ನೀವು ಹೇಳಲಿಲ್ಲ. ಬದಲಿಗೆ ನಿಮ್ಮ ಆಪ್ತ ಸಹಾಯಕ ನನಗೆ ಫೋನ್ ಮಾಡಿದ. ಜೇನಿನಲ್ಲಿ ಅದ್ದಿದ ದನಿ. ಕ್ಷಮಾಪಣೆಗೆ ಸಹಿಯಾದರೆ, ಸರ್ಕಾರ ಬಿಡುವ ವಿಶೇಷ ಬಸ್ಸಿನಲ್ಲಿ ಮಗುವಿಗೊಂದು ಸೀಟು ಆಗುತ್ತೆ ಮೇಡಂ ಎಂದ.

ಅದು ನಿಮಗೆ ಗೊತ್ತಿದ್ದು ನಡೆಯಿತೋ, ಗೊತ್ತಿಲ್ಲದೆ ನಡೆಯಿತೋ, ನಾನು ಕೇಳುವುದಿಲ್ಲ. ಗೊತ್ತಿತ್ತು ಎಂಬ ಉತ್ತರ ಬಂದರೆ ಅದನ್ನು ಇಟ್ಟುಕೊಳ್ಳಲು ನನ್ನಲ್ಲಿ ಜಾಗವಿಲ್ಲ. ಸಹಿ ಹಾಕಿದರೆ ಗೋಡೆಯಲ್ಲಿ ಗಾಳಿ ಇದೆ ಎಂದು ನಾನೇ ಒಪ್ಪಿಕೊಂಡ ಹಾಗೆ. ಆಮೇಲೆ ಟ್ಯಾಂಕ್ ಯಾರು ತಂದಾರು? ಇದೆಯಲ್ಲ, ಡಾಕ್ಟರೇ ಹೇಳಿದ್ದಾರಲ್ಲ ಅನ್ನುತ್ತೀರಿ. ಅದಕ್ಕೇ ಆಗುವುದಿಲ್ಲ ಎಂದೆ. ಫೋನ್ ಇಟ್ಟು ಇದೇ ಕೋಣೆಗೆ ಬಂದು ಚಾದರಕ್ಕೆ ಮುಖ ಒತ್ತಿಕೊಂಡು ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದು ರೌಂಡ್ಸಿಗೆ ಹೋದೆ.

ಇನ್ನೊಂದು ಆರೋಪ ನೀವೇ ಟಿ.ವಿ.ಯಲ್ಲಿ ಓದಿ ಹೇಳಿದ್ದೀರಿ, ನಾನು ಆದೇಶ ಪಾಲಿಸುತ್ತಿಲ್ಲ ಎಂದು. ಅದು ನಿಜ. ಆಚೆಯಿಂದ ಬಂದವರನ್ನು ಗುರುತಿಸಿ ಗೇಟಿನ ಪೊಲೀಸರಿಗೆ ಒಪ್ಪಿಸಬೇಕೆಂದು ಆದೇಶ ಬಂದ ಮಾರನೆಯ ದಿನದಿಂದ ನಮ್ಮ ಊರಿಗೆ ಎಲ್ಲಿಂದಲೂ ಯಾರೂ ಬರಲೇ ಇಲ್ಲ. ಎಲ್ಲಿಂದ ಬಂದೆ ಎಂದರೆ ಎಲ್ಲರೂ ಪಕ್ಕದ ಬೀದಿಯವರೇ. ಹಾಗೆ ಸುಳ್ಳು ಹೇಳಿದ ಲಾರಿ ಚಾಲಕನೊಬ್ಬನನ್ನು ನಾವು ನೆಗಡಿಯೆಂದು ಮನೆಗೆ ಕಳಿಸಿದೆವು. ಅವನ ಹೆಂಡತಿ, ಅವಳ ತಾಯಿ, ಮಹಡಿಯ ಮೇಲಿನ ಮನೆಯವರು, ಎಲ್ಲರೂ ಒಬ್ಬರ ಹಿಂದೊಬ್ಬರು ಬಂದರು. ಅವತ್ತೇ ನಾನು ದೊಡ್ಡಕ್ಕನಿಗೆ ಹೇಳಿದೆ, ಇನ್ನು ಮೇಲೆ ಈ ಬಾಗಿಲಲ್ಲಿ ಎಲ್ಲಿಂದ ಬಂದೆ ಎಂದು ಕೇಳುವುದು ಬೇಡ. ಯಾರ ಜೊತೆ ಕೂತು ಉಂಡೆ, ಯಾರ ಪಕ್ಕದಲ್ಲಿ ಮಲಗಿದೆ, ಇಷ್ಟು ಕೇಳಿ ಸಾಕು. ಜನ ಈಗ ನಿಜ ಹೇಳುತ್ತಾರೆ. ತಾವಾಗಿಯೇ ಬರುತ್ತಾರೆ, ಜೊತೆಗಿದ್ದವರನ್ನೂ ಕರೆತರುತ್ತಾರೆ. ಬಂದವರನ್ನೆಲ್ಲ ಬೇರೆ ಇಟ್ಟು ನೋಡಿಕೊಳ್ಳುತ್ತೇನೆ. ಹೆಸರು ಮಾತ್ರ ಪೊಲೀಸರಿಗೆ ಕೊಡುವುದಿಲ್ಲ. ನೀವು ಬಾಗಿಲು ಹಾಕಿದಿರಿ, ನಾನು ಒಂದು ಪ್ರಶ್ನೆ ಮುಚ್ಚಿದೆ. ಯಾವುದರಿಂದ ರೋಗ ನಿಲ್ಲುತ್ತದೆ ಎಂಬುದನ್ನು ಚರ್ಚೆಗೆ ಇಟ್ಟುಕೊಳ್ಳಿ, ಕೆಂಪು ಟೈಗೂ ಕೆಲಸ ಸಿಗುತ್ತದೆ.

ಆದ್ದರಿಂದ ನನ್ನ ಉತ್ತರ ಇದು. ನನ್ನನ್ನು ಕೆಲಸದಿಂದ ತೆಗೆಯುವುದಾದರೆ ತೆಗೆಯಿರಿ, ಕಾಲಿಗೆ ಬೀಳಲು ನಾನು ಬರುವುದಿಲ್ಲ. ತೆಗೆಯುವ ಮುಂಚೆ ಟ್ಯಾಂಕ್ ತಂದು ಕೂರಿಸಿ, ಕೊಳವೆ ಜೋಡಿಸಿ, ಗೇಟಿನ ಪೊಲೀಸರನ್ನು ಹಿಂದಕ್ಕೆ ಕರೆಸಿ. ಟ್ಯಾಂಕ್ ಎಲ್ಲಿದೆ ಎಂದು ನನಗೆ ಗೊತ್ತು. ನಿಮ್ಮ ದೊಡ್ಡ ಆಸ್ಪತ್ರೆಯ ಆವರಣದಲ್ಲಿ, ಮಂತ್ರಿ ಉದ್ಘಾಟಿಸುವುದಕ್ಕೆಂದು ರಿಬ್ಬನ್ ಕಟ್ಟಿಸಿಕೊಂಡು ಕಾಯುತ್ತಿರುವ ಎರಡನೆಯದು; ಅಲ್ಲಿ ಒಂದು ಆಗಲೇ ನಡೆಯುತ್ತಿದೆ. ಅದು ಬರುವ ತನಕ ಕೇಳಿದವರಿಗೆಲ್ಲ ಗೋಡೆ ತೋರಿಸುತ್ತೇನೆ, ಕೇಳದವರನ್ನೂ ಕರೆದು ತೋರಿಸುತ್ತೇನೆ.

ಅತ್ತೆ ಚೆನ್ನಾಗಿದ್ದಾರೆ. ರಕ್ತದೊತ್ತಡದ ಮಾತ್ರೆ ತಪ್ಪಿಸುತ್ತಿಲ್ಲ, ನಿಮ್ಮ ಕಾರ್ಯಕ್ರಮದ ಮುಂಚೆಯೇ ನುಂಗುತ್ತಾರೆ. ನೀವು ಸೊರಗಿದ್ದೀರಿ. ತೆರೆಯ ಮೇಲೆ ಕಾಲರ್ ಸಡಿಲವಾಗಿ ಕಾಣುತ್ತದೆ. ಸರಿಯಾಗಿ ಊಟ ಮಾಡಿ, ನಿಮ್ಮ ಜೊತೆ ಇನ್ನೂ ಬಹಳ ಜಗಳ ಆಡುವುದಿದೆ.

ಇಂತಿ, ಕಾಗದದಲ್ಲಿ ಇನ್ನೂ ನಿಮ್ಮ ಹೆಂಡತಿ,
ಜ್ವರದ ವಾರ್ಡಿನ ಮುಖ್ಯ ಡಾಕ್ಟರ್ (ಸದ್ಯಕ್ಕೆ)

ಮರೆತದ್ದಲ್ಲ, ಬೇಕೆಂದೇ ಕೊನೆಗೆ ಇಟ್ಟದ್ದು: ಮಗಳು ಇಲ್ಲಿದ್ದಾಳೆ. ನಿನ್ನೆ ಬೆಳಗ್ಗೆ ಬಂದಳು. ನಿಮ್ಮ ಸಹಾಯಕ ಸೀಟಿನ ಮಾತಾಡುವ ಹೊತ್ತಿಗೇ ಅವಳು ಕೂಲಿಯವರ ಜೊತೆ ಬತ್ತಿದ ಕಾಲುವೆ ಹಿಡಿದು ನಡೆಯತೊಡಗಿದ್ದಳಂತೆ. ಅವಳ ಗುರುತಿಲ್ಲದ ಹೊಸ ನರ್ಸ್ ಯಾರ ಜೊತೆ ಉಂಡೆ ಎಂದು ಕೇಳಿದಾಗ ಅವರೆಲ್ಲರ ಹೆಸರು ಹೇಳಿದ್ದಾಳೆ, ಅವರೂ ಒಳಗಿದ್ದಾರೆ. ಅವಳ ಉಸಿರು ಭಾರವಾಗಿದೆ. ಒಂದು ಸಿಲಿಂಡರನ್ನು ಅವಳಿಗೂ ಪಕ್ಕದ ಮಂಚದ ಗಾರೆ ಕೆಲಸದವನಿಗೂ ಹಂಚಿದ್ದೇವೆ. ಇದನ್ನು ಮೊದಲೇ ಬರೆದಿದ್ದರೆ ಉಳಿದದ್ದನ್ನು ನೀವು ಅಪ್ಪನಾಗಿ ಮಾತ್ರ ಓದುತ್ತಿದ್ದಿರಿ. ನನಗೆ ವಕ್ತಾರರೂ ಓದಬೇಕಿತ್ತು. ಈಗ ನೀವು ಅವಳನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಲು ಕಾರು ಕಳಿಸಬೇಕೆಂದು ಎದ್ದಿರುತ್ತೀರಿ. ಕೂತುಕೊಳ್ಳಿ. ಕಾರು ಬಂದು ಬಾಗಿಲಲ್ಲಿ ನಿಂತರೆ ಅವಳೊಬ್ಬಳನ್ನೇ ಹತ್ತಿಸದೆ ಇರುವ ಗಟ್ಟಿತನ ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಅದಕ್ಕೇ ಇಷ್ಟೆಲ್ಲ ಜಂಭ ಕೊಚ್ಚಿದವಳು ಇದೊಂದನ್ನು ಬೇಡಿಕೊಳ್ಳುತ್ತಿದ್ದೇನೆ. ಕಾರು ಕಳಿಸಬೇಡಿ, ಟ್ಯಾಂಕ್ ಕಳಿಸಿ.