ನನ್ನ ಚರ್ಮ ನಿಮಗೆ ಹತ್ತಲಿಲ್ಲ, ಮಾಸ್ತರ

ರಂಗದ ಮೇಲೆ ನನಗೆ ತಂದೆಯಾಗಿದ್ದ ಮಾಸ್ತರೇ,

ನಿಮ್ಮ ನಾಟಕದ ಭೀಮ, ರಾಯಚೂರಿನಿಂದ ಬರೆಯುತ್ತಿದ್ದೇನೆ. ಗದೆ ಎತ್ತಿದ ಕೈಗೆ ಇವತ್ತು ಪೆನ್ನು. ನಿಮ್ಮ ಮಗಳು ಗೌರವ್ವನ ಕಣ್ಣಿನದೇ ಚಿಂತೆ.

ಮಾನ್ವಿಯ ಆ ಆಟ ನೆನಪಿದೆಯೇ? ನಾನು ಗರ್ಜಿಸುತ್ತಿದ್ದಾಗ ಪರದೆಯ ಹಿಂದೆ ಗ್ಯಾಸ್‌ಬತ್ತಿ ಸಿಡಿದು ನಿಮ್ಮ ಬೆನ್ನು ಸುಟ್ಟಿತು. ಡಾಕ್ಟರು ನನ್ನ ತೊಡೆಯ ಚರ್ಮ ತೆಗೆದು ನಿಮಗೆ ಹೊದಿಸಿದರು. ಮೊದಲು ಹತ್ತಿಕೊಂಡಿತು, ಆಮೇಲೆ ಕೆಂಪೇರಿತು, ಕಪ್ಪಾಯಿತು, ಹಪ್ಪಳದಂತೆ ಎದ್ದು ಬಂತು. ವಾರ್ಡಿನಲ್ಲಿ ಯಾರೋ ಅಂದರು, "ಬ್ಯಾರೆ ಕುಲದ ಚರ್ಮ ಹೆಂಗ ಹತ್ತೀತು?" ಬೋರಲು ಮಲಗಿದ್ದಲ್ಲೇ ನೀವು ಗುಡುಗಿದಿರಿ: "ಲೇ, ಇವನ ಮನಿ ರೊಟ್ಟಿ ನನ್ನ ಹೊಟ್ಟಿಗಿ ಹತ್ಯದ, ಚರ್ಮಕ್ಕೇನು ರೋಗ?" ಹಾಗೆ ನಗಿಸಿದವರು, ಕೆಲವೇ ದಿನದಲ್ಲಿ ಹೋಗಿಯೇಬಿಟ್ಟಿರಿ. ಕುಲದ ಆ ಮಾತು ಮಾತ್ರ ನನ್ನೆದೆಯಲ್ಲಿ ಮುಳ್ಳಾಗಿ ಉಳಿಯಿತು.

ಅಕ್ಕಿ ಗಿರಣಿಯಲ್ಲಿ ಭತ್ತದ ಹೊಟ್ಟು ಸಿಡಿದು ಗೌರವ್ವನ ಎಡಗಣ್ಣಿಗೆ ಹೂ ಬಿದ್ದು ನೋಟ ಮಸುಕಾಯಿತು. ತೀರಿಕೊಂಡವರೊಬ್ಬರ ಕಣ್ಣಿನ ಗಾಜಿನಂಥ ಪೊರೆಯನ್ನು ತಂದು ಕೂಡಿಸುತ್ತೇವೆ ಎಂದರು ಕಣ್ಣಿನ ಡಾಕ್ಟರಮ್ಮ. ದವಾಖಾನೆ ಅದುರುವಂತೆ ನಾನು ಕೂಗಿದೆ: "ಬ್ಯಾಡ್ರೀ! ಮಾಸ್ತರ ಬೆನ್ನು ನೋಡೀನಿ. ಬ್ಯಾರೆಯವರದು ನಿಲ್ಲಂಗಿಲ್ಲ!"

"ಕಣ್ಣು ನಂದು ಕಾಕಾ, ನೀ ಯಾಕ ಒದರತಿ?" ಎಂದಳು ಗೌರವ್ವ.

ಡಾಕ್ಟರಮ್ಮ ನಕ್ಕು ನನ್ನನ್ನು ಕೂರಿಸಿದರು. ರಕ್ತದಲ್ಲಿ ಕಾವಲು ಕಣಗಳಿವೆಯಂತೆ. ಚರ್ಮದಲ್ಲಿ ಅವು ಕತ್ತಿ ಹಿರಿದೇ ನಿಂತಿರುತ್ತವೆ. ಒಡಹುಟ್ಟಿದವರ ಚರ್ಮ ಬಂದರೂ ಸಾಮಾನ್ಯವಾಗಿ ಬಿಡುವುದಿಲ್ಲ. ಅವೇ ಕಣಗಳು ಕಣ್ಣಿನಲ್ಲಿ ಕತ್ತಿಯನ್ನು ಒರೆಯೊಳಗೇ ಇಡುತ್ತವೆ. ಆ ಪೊರೆಯಲ್ಲಿ ರಕ್ತನಾಳವಿಲ್ಲ, ಅವು ನುಗ್ಗಲು ದಾರಿಯಿಲ್ಲ. ಕಣ್ಣೊಳಗಿನ ನೀರೂ ಆ ಕಣಗಳನ್ನು ತಣ್ಣಗಿಡುತ್ತದೆ. ಅಲ್ಲಿ ಕಾಳಗವಾದರೆ ಕಣ್ಣೇ ಹೋಗುತ್ತದಲ್ಲ! "ಜಾಗ ಹೆಂಗೋ, ಅವುಗಳ ನಡತಿ ಹಂಗ ನೋಡ್ರಿ," ಎಂದರು.

ಹಾಗಾದರೆ ನನ್ನ ಕುಲವಲ್ಲ, ಮಾಸ್ತರ! ಅಲ್ಲವೇ ಅಲ್ಲ!

ದೇವದುರ್ಗದಲ್ಲಿ ನಾಟಕದ ತಾಲೀಮಿನಲ್ಲಿ ನೀವು ನನ್ನ ಕಿವಿ ಹಿಂಡಿದ್ದು ಆಗಲೇ ನೆನಪಾಯಿತು. "ರಣದಾಗ ಗರ್ಜಿಸು ಲೇ. ಇದು ಅಂತಃಪುರ, ಕೂಸು ಮಲಗ್ಯದ. ಜಾಗ ನೋಡಿ ದನಿ ತಗಿ!" ನಾನು ಕಲಿತೆನೇ? ಎಲ್ಲಿ...

ಆಪರೇಷನ್ ಮುಗಿದಿದೆ, ಭಯ ಮುಗಿದಿಲ್ಲ. ಪೊರೆಯೊಳಗೆ ರಕ್ತನಾಳದ ಕೆಂಪು ಎಳೆ ಬೆಳೆದರೆ ಅದೇ ದಾರಿ ಹಿಡಿದು ಕಾವಲಿನವರು ಬರುತ್ತಾರಂತೆ, ಕತ್ತಿ ಸಮೇತ. ನಿಮ್ಮ ಬೆನ್ನೂ ಹಾಗೇ ಅಲ್ಲವೇ ಕೆಂಪೇರಿದ್ದು? ಮುಂಜಾನೆ ಎದ್ದವನೇ ಅವಳನ್ನು ಬಾಗಿಲ ಬೆಳಕಿಗೆ ಕೂರಿಸಿ ಕಣ್ಣು ನೋಡುತ್ತೇನೆ. ನಾಳೆಯೂ ನೋಡುತ್ತೇನೆ, ಬಿಡುವುದಿಲ್ಲ.

ಇವತ್ತೂ ಹಾಗೆ ಬಗ್ಗಿ ನೋಡುತ್ತಿದ್ದೆ. ಅವಳು ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಎಡಗಣ್ಣೊಂದರಿಂದಲೇ ನನ್ನನ್ನು ದಿಟ್ಟಿಸಿದಳು.

"ಕಾಕಾ, ನನ್ನ ಕಣ್ಣಾಗ ಕೆಂಪು ಹುಡುಕಾಕತ್ತಿ, ನಿನ್ನ ಕಿವಿ ಹಿಂದ ಭೀಮನ ಬಣ್ಣ ಹಂಗೇ ಉಳದದ."

ಗರ್ಜನೆ ಗಂಟಲಿಗೆ ಬಂತು, ಮಾಸ್ತರ. ನುಂಗಿದೆ. "ಹೌದೇನವ್ವಾ," ಎಂದೆ, ಅವಳಿಗಷ್ಟೇ ಕೇಳುವಂತೆ.