ಅಪ್ಪಾಜಿ ಯಾರ ಕಡೆ?

ಅಪ್ಪಾಜಿ, ನಮ್ಮ ಮೈಸೂರು ತಂಡ ಫ್ಲ್ಯಾಗ್ ಫುಟ್‌ಬಾಲ್ ರಾಜ್ಯ ಫೈನಲ್‌ಗೆ ಬಂದುಬಿಟ್ಟಿದೆ, ಅದೂ ದಾವಣಗೆರೆಯ ವಿರುದ್ಧ, ನನ್ನದೇ ಹಳೇ ಮೈದಾನದಲ್ಲಿ!! ಅಮೆರಿಕದ ಸೂಪರ್ ಬೌಲ್‌ನಂತೆ ನಮ್ಮ ಫೈನಲ್‌ಗೂ ಮೈದಾನವನ್ನು ಬಹಳ ಮುಂಚೆಯೇ ಗೊತ್ತುಮಾಡಿದ್ದರು. ಆ ಊರಿನ ತಂಡವೇ ಅಲ್ಲಿ ಫೈನಲ್ ಆಡುತ್ತದೆ, ಅಷ್ಟರಲ್ಲಿ ನಾನು ಮದುವೆಯಾಗಿ ಎದುರು ತಂಡದಲ್ಲಿರುತ್ತೇನೆ ಎಂದು ಯಾರು ಎಣಿಸಿದ್ದರು! ತವರಿನ ಪ್ರೇಕ್ಷಕರೇ ಅವರ ಅರ್ಧ ಬಲ ಎಂದು ನಮ್ಮ ಕೋಚ್ ಹೆದರಿದ್ದಾರೆ. ನನಗೆ ನಿಮ್ಮೊಬ್ಬರದೇ ಹೆದರಿಕೆ. ಬನ್ನಿಮಂಟಪಕ್ಕೆ ಪ್ರಾಕ್ಟೀಸ್ ನೋಡಲು ಬರುವ ಅತ್ತೆ, ಚೆಂಡು ಹಿಡಿದು ಓಡುವ ಎದುರಾಳಿಯನ್ನು ತಡೆಯಲು ನಾನು ಅವಳ ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಕಿತ್ತಾಗಲೆಲ್ಲ ಬೆರಳಿಟ್ಟು ಸೀಟಿ ಹೊಡೆಯುತ್ತಾರೆ! ನಿನ್ನೆ, "ನಿಮ್ಮಪ್ಪ ಯಾರ ಕಡೆ ಕೂಗ್ತಾರೆ, ಹೇಳ್ಬುಡು ಕಣಮ್ಮ" ಎಂದರು. ರಾತ್ರಿ ನಿದ್ದೆ ಬರಲಿಲ್ಲ. ಅಷ್ಟು ವರ್ಷ ನೀವು ಗೆರೆಯಾಚೆ ನಿಂತು ಕರೆದ ಕಡೆಗೇ ಓಡಿದವಳು ನಾನು. ಯಾರ ಕಡೆಯಾದರೂ ಕೂಗಿ, "ನಯೂ" ಎಂದು ಮಾತ್ರ ಕೂಗಬೇಡಿ. ಚೆಂಡು ಹಿಡಿದುಕೊಂಡು ನಿಮ್ಮ ಹತ್ತಿರವೇ ಬಂದುಬಿಡುತ್ತೇನೆ. ಮೊಣಕಾಲಿನ ಊತ ಇಳಿದಿದೆ, ಅಮ್ಮನಿಗೆ ಹೇಳಿ. ನಾನು, ನಿಮ್ಮ ಅಳಿಯ ಸಿದ್ದೇಶ್, ಅತ್ತೆ ಮೂವರೂ ಬರುತ್ತಿದ್ದೇವೆ. ಸ್ಟೇಷನ್ನಿನಲ್ಲಿ ಎಷ್ಟು ಬೇಕಾದರೂ ಹೆಸರು ಹಿಡಿದು ಕೂಗಿ: ಶುಕ್ರವಾರ, ವಿಶ್ವಮಾನವ ಎಕ್ಸ್‌ಪ್ರೆಸ್.