ಫೋಟೋದಲ್ಲಿ ಕಪ್ಪಾದ ಮೂಗು

ನಮ್ಮ ಫೋಟೋ ಸ್ಟುಡಿಯೋದ ಹಿಂದಿನ ಕೋಣೆ,
ಸೋಮವಾರ ಬೆಳಿಗ್ಗೆ

ಮಗನೇ,

ಹೇಗಿದ್ದೀಯ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ನನ್ನ ಮಂಡಿನೋವು ಇದ್ದ ಹಾಗೇ ಇದೆ, ನನ್ನ ಬಾಯಿಯ ಹಾಗೆ. ನಿನ್ನ ಕುಡಿತ ತಾಳಲಾರದೆ ಇಲ್ಲಿಗೆ ಬಂದ ನಿನ್ನ ಹೆಂಡತಿ ಚೆನ್ನಾಗಿದ್ದಾಳೆ. ನನ್ನ ಹತ್ತಿರ ಇರುವಷ್ಟು ದಿನ ಚೆನ್ನಾಗಿಯೇ ಇರುತ್ತಾಳೆ.

ಗೋದಾಮಿನ ಗೇಟ್‌ಪಾಸಿಗೆ ತೆಗೆಸಿದ ಫೋಟೋ ಬಂತು. ಕುಡಿತ ಬಿಟ್ಟೆ, ಕೆಲಸ ಸಿಕ್ಕಿತು, ಅವಳನ್ನು ಕಳಿಸಿಕೊಡು ಎಂದು ಹಿಂಬದಿಯಲ್ಲಿ ಬರೆದಿದ್ದೀಯ. ಓದಿದೆ. ಆಮೇಲೆ ತಿರುಗಿಸಿ ಮೂಗು ನೋಡಿದೆ. ಇದ್ದಿಲು ಮೆತ್ತಿದ ಹಾಗಿದೆಯಲ್ಲೋ ಅದು. ಹಳೇ ಕಾಲದ ಕಪ್ಪುಬಿಳುಪಿನ ಫಿಲ್ಮು ಅಂತ ಆಗಲೇ ಗೊತ್ತಾಯಿತು. ನಾನೇ ತೆಗೆದುಕೊಟ್ಟ ನೀಲಿ ಅಂಗಿ ಬೆಳ್ಳಗೆ ಬಿದ್ದಿದೆ, ತುಟಿ ಕಪ್ಪಗಿದೆ. ಆ ಫಿಲ್ಮಿಗೆ ಕೆಂಪು ಕಾಣಿಸದು. ನೀಲಿ ಬೆಳ್ಳಗೆ, ಕೆಂಪಗಿರುವುದೆಲ್ಲ ಕಪ್ಪಾಗಿ ಬೀಳುತ್ತದೆ. ನಿಮ್ಮಪ್ಪ ಕೆಂಪು ದೀಪ ಹಾಕಿಕೊಂಡೇ ಅದನ್ನು ತೊಳೆಯುತ್ತಿದ್ದರು. ಗಿರಾಕಿಗಳ ಮೊಡವೆ, ಮೂಗಿನ ಕಪ್ಪು ಎಲ್ಲ ಪೆನ್ಸಿಲಿನಿಂದ ತಿದ್ದಿ ತಿದ್ದಿ ನನ್ನ ಕಣ್ಣು ಹೋಯಿತು. ಅಂದಮೇಲೆ ನಿನ್ನ ಮೂಗು ಕೆಂಪಾಗಿತ್ತು. ಯಾಕೆ ಕೆಂಪಾಗಿತ್ತು?

ಶೀತ ಆಗಿತ್ತಮ್ಮ ಅನ್ನುತ್ತೀಯ. ಮದುವೆಯಾದಾಗಿನಿಂದ ನಿನಗೆ ಶೀತವೇ. ಬಿಸಿಲು ಅನ್ನುತ್ತೀಯ, ಗೋದಾಮಿನೊಳಗೆ ಯಾವ ಬಿಸಿಲಪ್ಪಾ? ಭೂತಗನ್ನಡಿ ಇಟ್ಟು ನೋಡಿದೆ, ಕಿಟಕಿಗೆ ಹಿಡಿದು ನೋಡಿದೆ. ಏನು ಮಾಡಲಿ, ಆ ಫಿಲ್ಮಿನಲ್ಲಿ ಶೀತದ ಕೆಂಪೂ ಕಪ್ಪೇ, ಬಿಸಿಲಿನದೂ ಕಪ್ಪೇ, ಸಾರಾಯಿಯದೂ ಕಪ್ಪೇ. ಶಾಲೆ ಬಿಟ್ಟು ಕಲಿತ ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು.

ಈ ಮೂಗನ್ನು ನಂಬಬೇಡ ಎಂದು ನಿನ್ನ ಹೆಂಡತಿಗೆ ಹೇಳಿದೆ. ಅವಳು ಫೋಟೋ ಇಸಕೊಂಡು ತುಂಬ ಹೊತ್ತು ನೋಡಿ, "ಅತ್ತೆ, ಅಂಗಿಯ ಗುಂಡಿ ತಾವೇ ಹೊಲ್ಕೊಂಡಿದ್ದಾರೆ ನೋಡಿ" ಅಂದಳು. ಇಂಥವಳಿಗೆ ಏನು ಹೇಳುವುದು?

ಚಳಿಗೆ ಕಿವಿ ಮುಚ್ಚಿಕೋ. ಬರೆದದ್ದು ನಿಜವಾಗಿದ್ದರೆ ನಿನಗೆ ಒಳ್ಳೆಯದಾಗಲಿ.

ನಿನ್ನ ತಾಯಿ

ಮರೆತೆ. ಇದನ್ನು ಅಂಚೆಗೆ ಹಾಕುತ್ತಿಲ್ಲ. ನನ್ನ ಮಾತು ಕೇಳದೆ ಅವಳು ಹೊರಟು ನಿಂತಿದ್ದಾಳೆ. ಲಕೋಟೆಗೆ ಅಂಟು ಬಳಿದು ಅವಳ ಕೈಯಲ್ಲೇ ಕೊಡುತ್ತಿದ್ದೇನೆ. ನೀನು ಓದುವಾಗ ಅವಳು ನಿನ್ನ ಎದುರಿಗೇ ನಿಂತಿರುತ್ತಾಳೆ. ಅವಳ ಕಣ್ಣಿಗೆ ಕೆಂಪು ಕೆಂಪಾಗಿಯೇ ಕಾಣುತ್ತದೆ. ವಾಪಸು ಬರುವ ಬಸ್ಸಿಗೂ ದುಡ್ಡು ಕೊಟ್ಟೇ ಕಳಿಸಿದ್ದೇನೆ.